ಸೂಪರ್‌ಚಾರ್ಜರ್ ಕೊಳ್ಳುವ ಮುನ್ನ ಆರ್‌ಪಿಎಂ ಮುಳ್ಳು ನೋಡಿ

ನನ್ನ 1995ರ ಮಾಜ್ಡಾ ಮಿಯಾಟಾ ಕಾರಿಗೆ ಮೊದಲ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಕೂರಿಸಿದ ಬೇಸಿಗೆಯಲ್ಲಿ ಒಂದು ವಿಚಿತ್ರ ಕಂಡೆ. ಬೆಳಿಗ್ಗೆ ಮೊದಲ ಸಲ ಆಕ್ಸಿಲರೇಟರ್ ಪೂರ್ತಿ ತುಳಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಎರಡನೇ ಸಲಕ್ಕೆ ಆ ಬಿರುಸು ಇಲ್ಲ. ನಾಲ್ಕನೇ ಸಲ ತುಳಿದಾಗ, ಇದನ್ನು ಹಾಕಿಸುವ ಮೊದಲೇ ಗಾಡಿ ಚೆನ್ನಾಗಿತ್ತಲ್ಲ ಅನ್ನಿಸುವಷ್ಟು ಮಂಕು. ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ನೋಡಿದರೆ 115 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನೀರು ಕುದಿಯುವುದಕ್ಕಿಂತ ಬಿಸಿಯಾದ ಗಾಳಿಯನ್ನು ಎಂಜಿನ್ನಿಗೆ ಕುಡಿಸಿ, ಅದು ಓಡಬೇಕೆಂದು ಕಾಯುತ್ತಿದ್ದೆ.

ತಪ್ಪು ಯಂತ್ರದ್ದಲ್ಲ, ನನ್ನದು. ಅಗ್ಗಕ್ಕೆ ಸಿಕ್ಕಿತೆಂದು ಚಿಕ್ಕ ಅಳತೆಯ ಸೂಪರ್‌ಚಾರ್ಜರ್ ತಂದು, ಬೂಸ್ಟ್ (ಗಾಳಿಯ ಹೆಚ್ಚುವರಿ ಒತ್ತಡ) ಹೆಚ್ಚಲಿ ಎಂದು ಅದಕ್ಕೆ ಇನ್ನೂ ಚಿಕ್ಕ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ) ಹಾಕಿ, ಮಿತಿ ಮೀರಿ ತಿರುಗಿಸಿದ್ದೆ. ಡೆಟ್ರಾಯಿಟ್ ಪಕ್ಕದಲ್ಲೇ ಎಂಜಿನ್ ಟ್ಯೂನಿಂಗ್ ಕೆಲಸದಲ್ಲಿ ಕೂದಲು ಹಣ್ಣಾದ ಮಂಡ್ಯದ ಕಡೆಯ ಹಿರಿಯರೊಬ್ಬರಿಗೆ ಗೋಳು ಹೇಳಿಕೊಂಡೆ. ಬಾನೆಟ್ಟಿನೊಳಗೆ ಇಣುಕಿ ಕೂಡ ನೋಡಲಿಲ್ಲ ಅವರು. "ಪವರ್ ಎಷ್ಟು ಬೇಕು ಅನ್ನೋದು ಆಮೇಲಾಯ್ತು ಕಣಪ್ಪ. ದಿನಾ ಓಡಿಸುವಾಗ ಮುಳ್ಳು ಎಲ್ಲಿ ನಿಂತಿರ್ತದೆ ಅಂತ ಮೊದ್ಲು ನೋಡ್ದಾ?"

ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಆ ಮುಳ್ಳನ್ನು ನಾನು ನೋಡಿರಲಿಲ್ಲ. ಈ ಲೇಖನ ಶುರುವಾಗುವುದೇ ಅಲ್ಲಿಂದ.

ಹೆಜ್ಜೆ 1: ಒಂದು ವಾರ ಮುಳ್ಳು ನೋಡಿ

ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಪೋರ್ಟಿಗೆ ಚಿಕ್ಕದೊಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳಬಹುದು. ಹಳೆಯ ಗಾಡಿಗಳಲ್ಲಿ ಅದು ನಡೆಯದು. ಮೊಬೈಲನ್ನೇ ಡ್ಯಾಶ್‌ಬೋರ್ಡಿನ ಎದುರು ನಿಲ್ಲಿಸಿ ವಿಡಿಯೊ ಮಾಡಿ, ರಾತ್ರಿ ಕೂತು ನೋಡಿ. ನಾನು ಹಾಗೆ ಮಾಡಿದಾಗ ನನ್ನ ಮುಳ್ಳು ಹೆಚ್ಚುಹೊತ್ತು 2,000ದಿಂದ 3,800ರ ನಡುವೆಯೇ ಅಲ್ಲಾಡುತ್ತಿತ್ತು. 5,500 ದಾಟಿದ್ದು ಹೈವೇಗೆ ಸೇರುವ ತಿರುವಿನಲ್ಲಿ ಮಾತ್ರ, ಅದೂ ದಿನಕ್ಕೆ ಒಂದೆರಡು ಸಲ.

ಇದು ಯಾಕೆ ಮುಖ್ಯ? ಟಾರ್ಕ್ ಎಂದರೆ ಎಂಜಿನ್ ಆ ಕ್ಷಣಕ್ಕೆ ತಿರುಚುವ ಬಲ. ಪವರ್ ಎಂದರೆ ಆ ಬಲದಿಂದ ನಿಮಿಷಕ್ಕೆ ಎಷ್ಟು ಸಲ ತಿರುಚಿತು ಅನ್ನುವುದರ ಲೆಕ್ಕ. ನ್ಯೂಟನ್ ಮೀಟರಿನ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ, ಅದನ್ನು 0.746ರಿಂದ ಭಾಗಿಸಿದರೆ ಎಚ್‌ಪಿ (ಅಶ್ವಶಕ್ತಿ). ಒಂದೇ 200 ನ್ಯೂಟನ್ ಮೀಟರ್ ಟಾರ್ಕ್ 2,500 ಆರ್‌ಪಿಎಂನಲ್ಲಿ ಸುಮಾರು 70 ಎಚ್‌ಪಿ. 7,000ದಲ್ಲಿ ಅದೇ ಟಾರ್ಕ್ ಸುಮಾರು 197 ಎಚ್‌ಪಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಎರಡನೆಯ ಅಂಕಿ. ಸಿಗ್ನಲ್ ಹಸಿರಾದಾಗ, ನಾಲ್ಕು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಕಾಲಿಗೆ ತಾಗುವುದು ಮೊದಲನೆಯದು.

ಅದಕ್ಕೇ ಒಂದು ಹಾಳೆಯಲ್ಲಿ ಎರಡೇ ಸಂಖ್ಯೆ ಬರೆದಿಟ್ಟುಕೊಳ್ಳಿ: ಮುಳ್ಳು ಹೆಚ್ಚುಹೊತ್ತು ನಿಲ್ಲುವ ಆರ್‌ಪಿಎಂ, ಮತ್ತು ಎಂಜಿನ್ನಿನ ಕೆಂಪು ಗೆರೆ (ಅದು ಮೀರಬಾರದ ಆರ್‌ಪಿಎಂ). ಮುಂದಿನ ಲೆಕ್ಕವೆಲ್ಲ ಇವೆರಡರ ಮೇಲೆ.

ಹೆಜ್ಜೆ 2: ಜಾತಿ ಗುರುತಿಸಿ

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಕಟ್ಟಿದ ತಿದಿ. ಕುಲುಮೆಯಲ್ಲಿ ತಿದಿ ಒತ್ತಲು ಒಬ್ಬ ಹುಡುಗ ಬೇಕು. ಇಲ್ಲಿ ಎಂಜಿನ್ ತಾನೇ ಬೆಲ್ಟಿನ ಮೂಲಕ ಒತ್ತಿಕೊಳ್ಳುತ್ತದೆ. ಆ ತಿದಿಯಲ್ಲಿ ಎರಡು ಕುಲ. ಒಂದು, ಸುತ್ತಿಗೆ ಇಷ್ಟು ಗಾಳಿ ಎಂದು ಅಳೆದು ಮೊಗೆಯುವುದು. ಇನ್ನೊಂದು, ಫ್ಯಾನಿನ ಹಾಗೆ ಬೀಸುವುದು.

ಮೊಗೆಯುವವುಗಳಲ್ಲಿ ಹಿರಿಯದು ರೂಟ್ಸ್. ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರದ ವಂಶ ಅದು. ಆಗ ಕಾರೇ ಹುಟ್ಟಿರಲಿಲ್ಲ. ಎರಡು ರೋಟರ್‌ಗಳು ಒಂದಕ್ಕೊಂದು ತಾಗದೆ ಹೆಣೆದುಕೊಂಡು ತಿರುಗುತ್ತ, ಗಾಳಿಯನ್ನು ಬೊಗಸೆಯಲ್ಲಿ ಹಿಡಿದು ಈ ಕಡೆಯಿಂದ ಆ ಕಡೆ ಸುರಿಯುತ್ತವೆ. ಒಳಗೆ ಒತ್ತಡ ಏರುವುದಿಲ್ಲ. ಆಚೆ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಈಗಾಗಲೇ ಒತ್ತಿಕೊಂಡಿರುವ ಗಾಳಿ ಹಿಂದಕ್ಕೆ ನುಗ್ಗಿ ಬೊಗಸೆಗೆ ಬಡಿದಾಗಲೇ ಏರುವುದು. ಆ ಬಡಿತಕ್ಕೇ ಶಾಖ, ಸದ್ದು ಎರಡೂ. ಈಟನ್ ಕಂಪನಿಯ ಎಂ45, ಎಂ62, ಎಂ90, ಎಂ112 ಈ ಜಾತಿಯವು. 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್‌ನ 1.6 ಲೀಟರ್ ಎಂಜಿನ್ನಿನ ಮೇಲೆ ಕೂತು ಶಿಳ್ಳೆ ಹಾಕುತ್ತಿದ್ದದ್ದು ಎಂ45.

ಇದೇ ಕಂಪನಿಯ ಹೊಸ ತಲೆಮಾರು ಟಿವಿಎಸ್. ಹೊಸೂರಿನ ಬೈಕಿಗೂ ಇದಕ್ಕೂ ನಂಟಿಲ್ಲ. ಹಳೆಯ ರೋಟರಿಗೆ ಮೂರು ಹಾಲೆ (ಗಾಳಿ ಮೊಗೆಯುವ ಉಬ್ಬು), 60 ಡಿಗ್ರಿ ತಿರುಚು. ಹೊಸದಕ್ಕೆ ನಾಲ್ಕು ಹಾಲೆ, 160 ಡಿಗ್ರಿ ತಿರುಚು. ಗಾಳಿ ನಯವಾಗಿ ಸಾಗುತ್ತದೆ, ಬಿಸಿ ಗಣನೀಯವಾಗಿ ಕಮ್ಮಿ. 2009ರ ಕಾರ್ವೆಟ್ ಜೆಡ್‌ಆರ್1ಗೆ 638 ಎಚ್‌ಪಿ ಕೊಟ್ಟದ್ದು ಇದರ 2.3 ಲೀಟರ್ ಅಳತೆ.

ಸ್ಕ್ರೂ ಎಂಬುದು ಸ್ವೀಡನ್ನಿನ ಆಲ್ಫ್ ಲಿಸ್‌ಹೋಮ್ 1930ರ ದಶಕದಲ್ಲಿ ರೂಪಿಸಿದ ಬಗೆ. ಒಂದು ಗಂಡು ರೋಟರ್, ಒಂದು ಹೆಣ್ಣು ರೋಟರ್. ನಡುವಿನ ಜಾಗ ಕಿರಿದಾಗುತ್ತ ಹೋಗಿ ಗಾಳಿ ಒಳಗೇ ಒತ್ತಿಕೊಂಡು ಹೊರಬರುತ್ತದೆ. ಬೂಸ್ಟ್ ಜಾಸ್ತಿ ಬೇಕಾದಾಗ ಇದಕ್ಕೆ ಸಾಟಿ ಕಮ್ಮಿ. ಆದರೆ ಬೂಸ್ಟ್ ಬೇಡದ ಹೊತ್ತಿನಲ್ಲೂ ಸ್ವಲ್ಪ ಒತ್ತುತ್ತಲೇ ಇರುವುದರಿಂದ, ಆರಾಮಾಗಿ ಓಡಿಸುವಾಗಲೂ ಒಂಚೂರು ಪವರ್ ತಿನ್ನುತ್ತದೆ. ಬೆಲೆಯೂ ಖಾರ.

ಬೀಸುವ ಕುಲದ್ದು ಸೆಂಟ್ರಿಫ್ಯೂಗಲ್. ಎಂಜಿನ್ನಿನ ಹೊಗೆಯಿಂದ ತಿರುಗಿ ಗಾಳಿ ಒತ್ತುವ ಟರ್ಬೊದ ಮುಂಭಾಗವನ್ನೇ ಕಿತ್ತು, ಹೊಗೆಯ ಬದಲು ಬೆಲ್ಟಿನಿಂದ ತಿರುಗಿಸಿದ ಹಾಗೆ. ವಾರ್ಟೆಕ್, ಪ್ರೊಚಾರ್ಜರ್, ಡೆನ್ಮಾರ್ಕಿನ ರೋಟ್ರೆಕ್ಸ್ ಎಲ್ಲ ಇವೇ. ನಮ್ಮೂರಿನಲ್ಲೂ ಜನ ನಿಂತು ನೋಡುವ ಕವಾಸಾಕಿ ನಿಂಜಾ ಎಚ್2 ಬೈಕಿನದೂ ಇದೇ, ಆದರೆ ಬೆಲ್ಟಿನ ಬದಲು ಗೇರುಗಳು: 69 ಮಿಲಿಮೀಟರಿನ ಪುಟ್ಟ ಚಕ್ರ, ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುದಂಡದ) 9.2 ಪಟ್ಟು ವೇಗ. ಎಂಜಿನ್ 14,000 ಮುಟ್ಟಿದಾಗ ಆ ಚಕ್ರ ನಿಮಿಷಕ್ಕೆ ಹತ್ತಿರಹತ್ತಿರ 1,30,000 ಸುತ್ತು.

ಹೆಜ್ಜೆ 3: ವರ್ಗದ ಲೆಕ್ಕ ಮಾಡಿ ನೋಡಿ

ಕೆಳಗಿನ ಆರ್‌ಪಿಎಂನ ಟಾರ್ಕಿಗೆ ಈ ಎರಡು ಕುಲಗಳಲ್ಲಿ ಯಾವುದು ಅನ್ನುವುದು ಅಭಿಪ್ರಾಯದ ಮಾತಲ್ಲ, ಲೆಕ್ಕದ ಮಾತು. ಮೊಗೆಯುವ ಯಂತ್ರ ಎಂಜಿನ್ನಿನ ಪ್ರತಿ ಸುತ್ತಿಗೂ ಇಷ್ಟೇ ಗಾಳಿ ಕೊಡುತ್ತದೆ. ಹಾಗಾಗಿ 2,500ರಲ್ಲಿ ಸಿಗುವ ಬೂಸ್ಟ್ 6,500ರಲ್ಲಿ ಸಿಗುವುದಕ್ಕಿಂತ ಬಹಳ ಕಮ್ಮಿಯೇನಿಲ್ಲ. ಬೀಸುವ ಯಂತ್ರದ ಒತ್ತಡ ವೇಗದ ವರ್ಗವನ್ನು (ವೇಗ × ವೇಗ) ಅನುಸರಿಸುತ್ತದೆ. ವೇಗ ಅರ್ಧವಾದರೆ ಒತ್ತಡ ಕಾಲು.

7,000 ಆರ್‌ಪಿಎಂನಲ್ಲಿ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಕೊಡುವ ಸೆಂಟ್ರಿಫ್ಯೂಗಲ್ ಒಂದನ್ನು ಹಿಡಿದುಕೊಳ್ಳಿ. 6,000ದಲ್ಲಿ ಅಂದಾಜು 7.3. 5,000ದಲ್ಲಿ 5.1. 4,000ದಲ್ಲಿ 3.3. 3,000ಕ್ಕೆ ಬಂದರೆ 1.8. 2,000ದಲ್ಲಿ 0.8, ಅಂದರೆ ಇದ್ದೂ ಇಲ್ಲದ ಹಾಗೆ. ನನ್ನ ಮುಳ್ಳು ದಿನವೆಲ್ಲ 2,000–3,800ರಲ್ಲಿ ಇರುತ್ತದೆ. ಸಾವಿರಾರು ಡಾಲರ್ ಸುರಿದು ಇದನ್ನು ಹಾಕಿಸಿದ್ದರೆ, ದಿನದ ಹೆಚ್ಚುಪಾಲು ನಾನೊಂದು ಅಲಂಕಾರದ ವಸ್ತುವನ್ನು ಹೊತ್ತು ತಿರುಗುತ್ತಿದ್ದೆ.

ಹಾಗೆಂದು ಸೆಂಟ್ರಿಫ್ಯೂಗಲ್ ಕೆಟ್ಟದ್ದಲ್ಲ. ಎಚ್2ನಂಥ ಬೈಕ್ ಮೇಲಿನ ಆರ್‌ಪಿಎಂನಲ್ಲೇ ಬಾಳುತ್ತದೆ, ಅದಕ್ಕೆ ಸರಿಯಾದದ್ದೇ ಇದು. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರೂ ಮುಳ್ಳನ್ನು 5,000ದ ಕೆಳಗೆ ಬಿಡುವುದಿಲ್ಲ. ಗಾಳಿ ತಂಪಾಗಿ ಬರುತ್ತದೆ, ಕೂರಿಸುವುದೂ ಸಲೀಸು. ಹಿಂಚಕ್ರಕ್ಕೆ ಹಿಡಿತ ಸಾಲದ ಹಗುರ ಗಾಡಿಯಲ್ಲಿ ಟಾರ್ಕ್ ಮೆಲ್ಲಗೆ ಏರುವುದು ವರವೂ ಹೌದು. ಗೇರ್‌ಬಾಕ್ಸ್ ದುರ್ಬಲವಿದ್ದರೆ ಅದರ ಜೀವವೂ ಉಳಿಯುತ್ತದೆ.

ಎರಡೂ ಬೇಕೆಂದ ಕಂಪನಿಗಳೂ ಉಂಟು. ಫೋಕ್ಸ್‌ವ್ಯಾಗನ್‌ನ 1.4 ಟಿಎಸ್‌ಐ ಟ್ವಿನ್‌ಚಾರ್ಜರಿನಲ್ಲಿ ತಳಕ್ಕೆ ರೂಟ್ಸ್, ಮೇಲಕ್ಕೆ ಟರ್ಬೊ. 3,500 ದಾಟಿದ ಮೇಲೆ ರೂಟ್ಸ್‌ನ ಕ್ಲಚ್ಚು ಬಿಡಿಸಿ ಸುಮ್ಮನೆ ಕೂರಿಸುತ್ತಿದ್ದರು. ಎಂಜಿನಿಯರುಗಳೇ ತಳದ ಕೆಲಸಕ್ಕೆ ಯಾರನ್ನು ಕರೆದರು ನೋಡಿ.

ಹೆಜ್ಜೆ 4: ಅಳತೆ, ಇಲ್ಲಿ ಅವಸರ ಬೇಡ

ಹೆಚ್ಚಿನವರು ಎಡವುವುದು ಇಲ್ಲಿ. ಎಂ45, ಎಂ62 ಎಂಬ ಹೆಸರಿನ ಅಂಕಿ ಒಂದು ಸುತ್ತಿಗೆ ಮೊಗೆಯುವ ಗಾಳಿಯ ಕ್ಯೂಬಿಕ್ ಇಂಚು. ನಮ್ಮ ಅಳತೆಗೆ ತಂದರೆ ಎಂ45 ಸುಮಾರು 737 ಸಿಸಿ, ಎಂ62 ಸುಮಾರು 1,016, ಎಂ90 ಸುಮಾರು 1,475. ಟಿವಿಎಸ್‌ನಲ್ಲಿ ಆರ್900, ಆರ್1320, ಆರ್2300 ಎಂಬ ಅಂಕಿಗಳು ನೇರವಾಗಿ ಸಿಸಿಯವೇ.

ನಾಲ್ಕು ಸ್ಟ್ರೋಕಿನ ಎಂಜಿನ್ ತನ್ನ ಪೂರ್ತಿ ಸಿಸಿಯನ್ನು ಎಳೆದುಕೊಳ್ಳಲು ಎರಡು ಸುತ್ತು ಬೇಕು. ಮಿಯಾಟಾದ 1,839 ಸಿಸಿ ಎಂಜಿನ್ ಒಂದು ಸುತ್ತಿಗೆ ಸುಮಾರು 920 ಸಿಸಿ ಎಳೆಯುತ್ತದೆ. ಸೂಪರ್‌ಚಾರ್ಜರ್ ಅದೇ ಒಂದು ಸುತ್ತಿನಲ್ಲಿ ಎಷ್ಟು ತಳ್ಳುತ್ತದೆ? ಅದರ ಸಿಸಿಯನ್ನು ಪುಲ್ಲಿ ಅನುಪಾತದಿಂದ ಗುಣಿಸಿ. ಅನುಪಾತ ಎಂದರೆ ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಸೂಪರ್‌ಚಾರ್ಜರ್ ಪುಲ್ಲಿಯ ವ್ಯಾಸದಿಂದ ಭಾಗಿಸಿದ್ದು. 140 ಮಿಲಿಮೀಟರಿಗೆ 70 ಇದ್ದರೆ 2. ತಳ್ಳಿದ್ದನ್ನು ಎಳೆದದ್ದರಿಂದ ಭಾಗಿಸಿದರೆ ಒತ್ತಡದ ಅನುಪಾತ. ಅದರಿಂದ 1 ಕಳೆದು, ಉಳಿದದ್ದನ್ನು 14.7ರಿಂದ ಗುಣಿಸಿದರೆ ಸಮುದ್ರಮಟ್ಟದಲ್ಲಿ ಸಿಗಬಹುದಾದ ಬೂಸ್ಟ್, ಪಿಎಸ್‌ಐನಲ್ಲಿ.

ಈ ಸೂತ್ರ ನಂಬಬಹುದೇ ಎಂದು ಒಂದು ಕಂಪನಿ ಗಾಡಿಯ ಮೇಲೆ ಹಾಕಿ ನೋಡೋಣ. 2015ರ ಡಾಜ್ ಹೆಲ್‌ಕ್ಯಾಟ್: 6.2 ಲೀಟರ್ ವಿ8, ಮೇಲೆ 2.38 ಲೀಟರಿನ ಸ್ಕ್ರೂ, ಅನುಪಾತ 2.36. ತಳ್ಳುವುದು 5.6 ಲೀಟರ್, ಎಳೆಯುವುದು 3.1 ಲೀಟರ್. ಒತ್ತಡದ ಅನುಪಾತ 1.8ರ ಆಸುಪಾಸು, ಬೂಸ್ಟ್ 12 ಪಿಎಸ್‌ಐ. ಕಂಪನಿ ಹೇಳಿದ್ದು 11.6. ಸೋರಿಕೆ, ಶಾಖ, ವಾಲ್ವುಗಳ ಉಸಿರಾಟ ಏನನ್ನೂ ಲೆಕ್ಕಕ್ಕೆ ಹಿಡಿಯದ ಸೂತ್ರಕ್ಕೆ ಇದು ಸಾಕು.

ಈಗ ಮಿಯಾಟಾಗೆ ಬನ್ನಿ. 7–8 ಪಿಎಸ್‌ಐ ಬೇಕು ಅನ್ನಿ. ಅಂದರೆ ಸುತ್ತಿಗೆ ಸುಮಾರು 1,400 ಸಿಸಿ ತಳ್ಳಬೇಕು. ಎಂ45 ಹಾಕಿದರೆ ಅನುಪಾತ 1.9. ಎಂ62 ಆದರೆ 1.4 ಸಾಕು. ಬೂಸ್ಟ್ ಗೇಜಿನಲ್ಲಿ ಎರಡೂ ಒಂದೇ. ಆದರೆ ಎಂಜಿನ್ 7,000 ಮುಟ್ಟಿದಾಗ ಎಂ45ರ ರೋಟರ್ 13,300 ಸುತ್ತುತ್ತಿರುತ್ತದೆ, ಎಂ62 ಬರೀ 9,800. ಹಳೆಯ ಎಂ ಸರಣಿಗೆ ನಾನು 14,000 ಸುತ್ತನ್ನು ಕಡೇ ಗೆರೆ ಎಂದಿಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಮೊದಲನೆಯದು ಗೋಡೆಗೆ ಬೆನ್ನು ಆನಿಸಿ ನಿಂತಿದೆ, ಎರಡನೆಯದಕ್ಕೆ ಇನ್ನೂ ಓಡಾಡಲು ಅಂಗಳವಿದೆ. ನಾನು ಮೊದಲು ಮಾಡಿದ್ದೇನು ಗೊತ್ತೇ? ಎಂ45ಕ್ಕೆ 2.2ರ ಅನುಪಾತ. 15,400 ಸುತ್ತು. ಸೂಪರ್‌ಚಾರ್ಜರ್ ಅಲ್ಲ, ಹೇರ್ ಡ್ರೈಯರ್.

ಹಾಗಾದರೆ ಇನ್ನೂ ದೊಡ್ಡದು, ಎಂ90 ಹಾಕಿಬಿಡಬಹುದಲ್ಲ? ಅಲ್ಲೇ ಇನ್ನೊಂದು ಕಡೆಯ ಗುಂಡಿ. ಅದಕ್ಕೆ ಬೇಕಾದ ಅನುಪಾತ 0.95ರ ಆಸುಪಾಸು, ಅಂದರೆ ರೋಟರ್ ಕ್ರ್ಯಾಂಕಿಗಿಂತಲೂ ನಿಧಾನ. ರೋಟರ್‌ಗಳು ಒಂದಕ್ಕೊಂದು ತಾಗುವುದಿಲ್ಲ ಎಂದೆನಲ್ಲ, ಆ ಸಣ್ಣ ಸಂದಿಯಲ್ಲಿ ಗಾಳಿ ಸದಾ ಹಿಂದಕ್ಕೆ ಸೋರುತ್ತಿರುತ್ತದೆ. ಸೋರಿಕೆ ನಿಮಿಷದ ಲೆಕ್ಕದ್ದು, ಮೊಗೆತ ಸುತ್ತಿನ ಲೆಕ್ಕದ್ದು. ತೂತು ಬಕೆಟಿನಲ್ಲಿ ಬಾವಿಯ ನೀರು ಸೇದಿದ ಹಾಗೆ: ಸರಸರ ಸೇದಿದರೆ ಬಕೆಟ್ ಹೆಚ್ಚುಕಮ್ಮಿ ತುಂಬಿಯೇ ಮೇಲೆ ಬರುತ್ತದೆ, ನಿಧಾನ ಮಾಡಿದರೆ ಅರ್ಧ ದಾರಿಯಲ್ಲೇ ಖಾಲಿ. ದೊಡ್ಡ ಸೂಪರ್‌ಚಾರ್ಜರ್ 1,500 ಆರ್‌ಪಿಎಂನಲ್ಲಿ ನಿಧಾನವಾಗಿ ತಿರುಗುತ್ತ ಸೋರಿಕೊಳ್ಳುತ್ತದೆ. ತಳದ ಟಾರ್ಕಿಗೆಂದೇ ದೊಡ್ಡದು ತಂದವನಿಗೆ ತಳದಲ್ಲೇ ಕೊರತೆ. ಮೇಲೆ ತೂಕ, ಜಾಗ, ಬೆಲೆ ಬೇರೆ.

ಆದ್ದರಿಂದ ನನ್ನ ಅಳತೆಗೋಲು ಇಷ್ಟು: ಕೆಂಪು ಗೆರೆಯಲ್ಲಿ ರೋಟರಿನ ವೇಗ ಅದರ ಗರಿಷ್ಠ ಮಿತಿಯ ಮೂರರಲ್ಲಿ ಎರಡರಿಂದ ಮುಕ್ಕಾಲು ಭಾಗದೊಳಗೆ ಇರಬೇಕು. ಅದಕ್ಕಿಂತ ಮೇಲಾದರೆ ಒಂದು ಅಳತೆ ದೊಡ್ಡದು ನೋಡಿ, ಅರ್ಧಕ್ಕಿಂತ ಕೆಳಗಾದರೆ ಒಂದು ಅಳತೆ ಚಿಕ್ಕದು. ದೊಡ್ಡ ಕಂಪನಿಗಳೂ ಹೆಚ್ಚು ಬೂಸ್ಟ್ ಬೇಕಾದಾಗ ಪುಲ್ಲಿಯೊಂದನ್ನೇ ಹಿಂಡುತ್ತ ಕೂರುವುದಿಲ್ಲ. ಹೆಲ್‌ಕ್ಯಾಟಿನಿಂದ 2018ರ ಡೀಮನ್‌ಗೆ ಬಂದಾಗ ಬೂಸ್ಟ್ 14.5ಕ್ಕೆ ಏರಿತು, ಜೊತೆಗೆ ಸೂಪರ್‌ಚಾರ್ಜರನ್ನೇ 2.4ರಿಂದ 2.7 ಲೀಟರಿಗೆ ಹಿಗ್ಗಿಸಿದರು.

ಸೆಂಟ್ರಿಫ್ಯೂಗಲ್‌ನ ಅಳತೆ ಬೇರೆ ದಾರಿಯದು. ಅಲ್ಲಿ ಸಿಸಿ ಇಲ್ಲ, ನಿಮಿಷಕ್ಕೆ ಎಷ್ಟು ಪೌಂಡ್ ಗಾಳಿ ಎಂಬ ಲೆಕ್ಕ. ನಿಮಿಷಕ್ಕೆ ಒಂದು ಪೌಂಡ್ ಗಾಳಿ ಹೆಚ್ಚುಕಮ್ಮಿ 10 ಎಚ್‌ಪಿ ಹುಟ್ಟಿಸುತ್ತದೆ. 250 ಎಚ್‌ಪಿ ಬೇಕಾದರೆ 25 ಪೌಂಡ್. ತಯಾರಕರ ಕಂಪ್ರೆಸರ್ ನಕ್ಷೆಯಲ್ಲಿ (ಎಷ್ಟು ಗಾಳಿ, ಎಷ್ಟು ಒತ್ತಡಕ್ಕೆ ಎಷ್ಟು ದಕ್ಷತೆ ಎಂದು ತೋರಿಸುವ ಚಿತ್ರ) ನಿಮ್ಮ ಕೆಂಪು ಗೆರೆಯ ಬಿಂದು ಹೆಚ್ಚು ದಕ್ಷತೆಯ ನಡುಗಡ್ಡೆಯ ಒಳಗೆ ಬೀಳುತ್ತದೆಯೇ ನೋಡಿ. ಎಡ ಅಂಚಿಗೆ ತೀರಾ ಹತ್ತಿರವಾದರೆ ಗಾಳಿ ಹಿಂದಕ್ಕೆ ಗುಡುಗುತ್ತದೆ. ತಳದ ಬೂಸ್ಟ್ ಹೆಚ್ಚಲಿ ಎಂದು ಇದಕ್ಕೆ ಚಿಕ್ಕ ಪುಲ್ಲಿ ಹಾಕುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ವರ್ಗದ ನಿಯಮ ಮರೆಯಬೇಡಿ: 2,500ರಲ್ಲಿ ಅರ್ಧ ಪಿಎಸ್‌ಐ ಗಳಿಸಲು ಹೋಗಿ 7,000ದಲ್ಲಿ ನಾಲ್ಕು ಏರಿಸಿರುತ್ತೀರಿ.

ಹೆಜ್ಜೆ 5: ಶಾಖದ ಲೆಕ್ಕ

ಸೈಕಲ್ ಪಂಪಿನಿಂದ ಗಾಳಿ ತುಂಬಿಸಿದವರಿಗೆಲ್ಲ ಪಂಪಿನ ಬುಡ ಬೆರಳು ಸುಡುವುದು ಗೊತ್ತು. ಒತ್ತಿದರೆ ಬಿಸಿಯಾಗುವುದು ಗಾಳಿಯ ಗುಣ. ಆ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ ಅನ್ನುವುದರಲ್ಲಿ ಜಾತಿಜಾತಿಗೆ ವ್ಯತ್ಯಾಸ. 30 ಡಿಗ್ರಿಯ ಗಾಳಿಯನ್ನು 10 ಪಿಎಸ್‌ಐಗೆ ಒತ್ತಿದಾಗ, 55 ಶೇಕಡ ದಕ್ಷತೆಯ ಹಳೆಯ ರೂಟ್ಸ್‌ನಿಂದ ಹೊರಬರುವುದು ಸುಮಾರು 118 ಡಿಗ್ರಿ. 70 ಶೇಕಡ ಆದರೆ ಸುಮಾರು 99. 75 ಆದರೆ 95. ಬಿಸಿ ಗಾಳಿ ತೆಳು, ಸಿಲಿಂಡರಿಗೆ ಕಮ್ಮಿ ಆಮ್ಲಜನಕ. ಅದಕ್ಕಿಂತ ಮುಖ್ಯವಾಗಿ ಪೆಟ್ರೋಲ್ ತಾನಾಗಿ ಸಿಡಿದು ನಾಕಿಂಗ್ ಶುರುವಾಗುತ್ತದೆ, ಅದನ್ನು ತಪ್ಪಿಸಲು ಇಗ್ನಿಷನ್ (ಕಿಡಿ ಹೊತ್ತುವ ಸಮಯ) ಹಿಂದಕ್ಕೆಳೆಯಬೇಕು, ಎಳೆದಷ್ಟೂ ಪವರ್ ಇಳಿಯುತ್ತದೆ. ನನ್ನ ಗಾಡಿ ನಾಲ್ಕನೇ ಸಲಕ್ಕೆ ಮಂಕಾಗುತ್ತಿದ್ದುದು ಇದಕ್ಕೇ.

ದಾರಿ ಎರಡು. 5–6 ಪಿಎಸ್‌ಐನೊಳಗೆ ತೃಪ್ತಿಪಟ್ಟರೆ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ರೇಡಿಯೇಟರ್) ಇಲ್ಲದೆಯೂ ಬಾಳಬಹುದು. ಅದರ ಮೇಲೆ ಹೋಗುವವರು ಇಂಟರ್‌ಕೂಲರಿಗೆ ಜಾಗ, ದುಡ್ಡು ಮೊದಲೇ ತೆಗೆದಿಡಿ. ಸೆಂಟ್ರಿಫ್ಯೂಗಲಿಗೆ ಬಂಪರಿನ ಹಿಂದೆ ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಸುಲಭ. ಎಂಜಿನ್ ಮೇಲೆಯೇ ಕೂರುವ ಸ್ಕ್ರೂ, ಟಿವಿಎಸ್‌ಗಳಿಗೆ ನೀರಿನಿಂದ ತಣಿಯುವುದು ವಾಡಿಕೆ. ಅದರ ಪಂಪು ಸದ್ದಿಲ್ಲದೆ ಸಾಯುತ್ತದೆ. ತಿಂಗಳಿಗೊಮ್ಮೆ ಟ್ಯಾಂಕಿನ ಮುಚ್ಚಳ ತೆಗೆದು ನೀರು ಸುತ್ತುತ್ತಿದೆಯೇ ನೋಡುವ ಅಭ್ಯಾಸ ಒಳ್ಳೆಯದು.

ಸೂಪರ್‌ಚಾರ್ಜರ್ ತಿನ್ನುವ ಪವರ್ ಕೂಡ ಇಲ್ಲೇ ನೆನಪಿರಲಿ. ಹೆಲ್‌ಕ್ಯಾಟಿನದು ಪೂರ್ತಿ ಒತ್ತಡದಲ್ಲಿ 80 ಎಚ್‌ಪಿ ತಿನ್ನುತ್ತದೆ ಎಂದು ಕಂಪನಿಯೇ ಹೇಳಿತ್ತು. ಅದು ಒಂದು ಸಣ್ಣ ಕಾರಿನ ಇಡೀ ಎಂಜಿನ್! ಆರಾಮಾಗಿ ಓಡಿಸುವಾಗ ಹೀಗಾಗದಿರಲು ಬೈಪಾಸ್ ವಾಲ್ವ್ ಇರುತ್ತದೆ. ಆಕ್ಸಿಲರೇಟರ್ ಅರ್ಧಂಬರ್ಧ ಇದ್ದಾಗ ಗಾಳಿಯನ್ನು ಅಲ್ಲಲ್ಲೇ ಸುತ್ತಿಸಿ ಹೊರೆ ಇಳಿಸುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದರ ಕಡ್ಡಿ ಬೆರಳಿನಿಂದ ತಳ್ಳಿದರೆ ಸರಾಗವಾಗಿ ಆಡುತ್ತದೆಯೇ ನೋಡಿ.

ಹೆಜ್ಜೆ 6: ನಿಮ್ಮೂರಿನ ಗಾಳಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಅಲ್ಲಿ ವಾತಾವರಣದ ಒತ್ತಡ 14.7 ಅಲ್ಲ, 13.2 ಪಿಎಸ್‌ಐ ಆಸುಪಾಸು. ಮೊಗೆಯುವ ಯಂತ್ರ ಕೊಡುವುದು ಅನುಪಾತವನ್ನು. 1.5 ಪಟ್ಟು ಎಂದರೆ ಮಂಗಳೂರಿನಲ್ಲಿ ಗೇಜು 7.3 ತೋರಿಸಿದರೆ ಬೆಂಗಳೂರಿನಲ್ಲಿ 6.6, ಒಂದು ಮೈಲಿ ಎತ್ತರದ ಡೆನ್ವರಿನಲ್ಲಿ 6. ಇದನ್ನು ಬೆಲ್ಟ್ ಜಾರುತ್ತಿದೆ ಎಂದುಕೊಂಡು ಪುಲ್ಲಿ ಬದಲಿಸಿದವರನ್ನು ಕಂಡಿದ್ದೇನೆ.

ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ) ಅಂಕಿಯಲ್ಲೂ ಇಂಥದೇ ಗೊಂದಲ. ಅಮೆರಿಕದ ಬಂಕಿನಲ್ಲಿ ಬರೆದ 93 ಎರಡು ಬಗೆಯ ಅಳತೆಗಳ ಸರಾಸರಿ. ಭಾರತದ ಬಂಕಿನ ಲೆಕ್ಕದಲ್ಲಿ ಅದು ಸುಮಾರು 98. ನಮ್ಮ ಸಾಮಾನ್ಯ ಪೆಟ್ರೋಲ್ ಅದಕ್ಕಿಂತ ಕಮ್ಮಿ, ಅದೂ ಭಾರತದ ಲೆಕ್ಕದಲ್ಲೇ. ಅಲ್ಲಿನ ವಿಡಿಯೊ ನೋಡಿ ಅದೇ ಬೂಸ್ಟ್, ಅದೇ ಇಗ್ನಿಷನ್ ಇಟ್ಟರೆ ಪಿಸ್ಟನ್ನಿಗೆ ತೂತು.

ಇನ್ನು ಕಾನೂನು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ. ಹೊರಗಿನ ಸೂಪರ್‌ಚಾರ್ಜರ್ ಹಾಕಿದ ಗಾಡಿ ರಸ್ತೆಗಲ್ಲ, ಟ್ರ್ಯಾಕಿಗೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಅಲ್ಲಿನ ವಾಯುಮಾಲಿನ್ಯ ಮಂಡಳಿಯ ಅನುಮತಿ ಸಂಖ್ಯೆ ಇರುವ ಕಿಟ್ಟನ್ನೇ ಕೊಳ್ಳಬೇಕು. ನಾವಿರುವ ಮಿಷಿಗನ್ನಿನಲ್ಲಿ ಹೊಗೆ ತಪಾಸಣೆಯ ತಾಪತ್ರಯವಿಲ್ಲ.

ಹೆಜ್ಜೆ 7: ಕೊಳ್ಳುವ ಮೊದಲು ಎಂಜಿನ್ನಿನ ನಾಡಿ ಹಿಡಿಯಿರಿ

ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸಿ. ನಾಲ್ಕು ಸಿಲಿಂಡರಿನ ಅಂಕಿಗಳು ಒಂದಕ್ಕೊಂದು ಶೇಕಡ 10ರೊಳಗೆ ಇರಲಿ. ಒಂದು ಮಾತ್ರ ತಗ್ಗಿದ್ದರೆ ಸೂಪರ್‌ಚಾರ್ಜರ್ ದುಡ್ಡನ್ನು ಎಂಜಿನ್ನಿಗೇ ಹಾಕಿ.

ಪವರ್ ಎಷ್ಟು ನಿರೀಕ್ಷಿಸಬಹುದು? 1994–95ರ ಮಿಯಾಟಾದ್ದು 128 ಎಚ್‌ಪಿ. 7 ಪಿಎಸ್‌ಐ ಎಂದರೆ ಸುಮಾರು 1.48 ಪಟ್ಟು ಗಾಳಿ, ಕಾಗದದ ಮೇಲೆ 189. ಏರಿಕೆಯ ಮುಕ್ಕಾಲು ಭಾಗವನ್ನೇ ನಂಬಿ, ಉಳಿದದ್ದು ಶಾಖಕ್ಕೆ, ಬೆಲ್ಟಿಗೆ. 174ರ ಹತ್ತಿರ.

ಇಂಧನಕ್ಕೆ ಒಂದು ಲೆಕ್ಕ. ಬೂಸ್ಟ್ ಇರುವ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 200 ಎಚ್‌ಪಿಗೆ 120 ಪೌಂಡ್, ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 30. ಇಂಜೆಕ್ಟರನ್ನು ಶೇಕಡ 80ಕ್ಕಿಂತ ದುಡಿಸಬಾರದು, ಆದ್ದರಿಂದ 37.5 ಪೌಂಡಿನದು ಬೇಕು. ನಿಮಿಷಕ್ಕೆ 400 ಸಿಸಿ ಎಂದು ಕೇಳಿದರೆ ಅಂಗಡಿಯವನಿಗೆ ಅರ್ಥವಾಗುತ್ತದೆ. ಇಂಧನದ ಪಂಪು ಅದಕ್ಕೆ ತಕ್ಕದ್ದಿರಲಿ.

ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಬೂಸ್ಟಿಗೆ ಕೈ ಹಾಕಬೇಡಿ. ಪೂರ್ತಿ ತುಳಿದಾಗ ಒಂದು ಪಾಲು ಪೆಟ್ರೋಲಿಗೆ ಗಾಳಿ 11.5ರಿಂದ 12 ಪಾಲು. 13ರತ್ತ ಸರಿದರೆ ಆ ಕ್ಷಣವೇ ಕಾಲು ತೆಗೆಯಿರಿ. ಇಗ್ನಿಷನ್ನಿಗೆ ಹಳೇ ಮೆಕ್ಯಾನಿಕ್‌ಗಳ ಲೆಕ್ಕ ಪಿಎಸ್‌ಐಗೆ ಒಂದು ಡಿಗ್ರಿ ಹಿಂದಕ್ಕೆ. ಅದು ಶುರುವಾತಿಗೆ ಮಾತ್ರ, ಅಲ್ಲಿಂದಾಚೆ ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿ ಬಲ್ಲವರಿಂದಲೇ ಮಾಡಿಸಿ.

ಹೆಜ್ಜೆ 8: ಕೂರಿಸಿದ ಮೇಲೆ

ಬೆಲ್ಟಿನ ಸುತ್ತು ನೋಡಿ. ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟ್ ತಬ್ಬಿಕೊಳ್ಳುವ ಭಾಗ ಕಮ್ಮಿ, ಜಾರುವುದು ಜಾಸ್ತಿ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಮುಳ್ಳು ಏರುತ್ತ ಹೋಗಿ ಇದ್ದಕ್ಕಿದ್ದಂತೆ ಚಪ್ಪಟೆಯಾದರೆ ಜಾರುತ್ತಿದೆ ಎಂದರ್ಥ. ದೊಡ್ಡ ಅಳತೆಯ ಸೂಪರ್‌ಚಾರ್ಜರಿಗೆ ದೊಡ್ಡ ಪುಲ್ಲಿ ಸಾಕಾಗುವುದರಿಂದ ಈ ಕಾಟವೂ ತಗ್ಗುತ್ತದೆ.

ಮೊದಲ 150 ಕಿಲೋಮೀಟರ್ ಬೂಸ್ಟಿಗೆ ಹೋಗದೆ ಓಡಿಸಿ. ಎಣ್ಣೆ, ನೀರು, ಗಾಳಿ ಎಲ್ಲಾದರೂ ಸೋರುತ್ತಿದೆಯೇ ನೋಡಿ. ಆಮೇಲೆ ಮೂರನೇ ಗೇರಿನಲ್ಲಿ 2,000ದಿಂದ ಪೂರ್ತಿ ತುಳಿದು 4,500ರವರೆಗೆ, ಉಷ್ಣತೆ, ಬೂಸ್ಟ್, ಗಾಳಿ-ಪೆಟ್ರೋಲ್ ಮೂರನ್ನೂ ದಾಖಲಿಸಿಕೊಳ್ಳುತ್ತ. ಸರಿಯಿದ್ದರೆ ಮಾತ್ರ ಕೆಂಪು ಗೆರೆ. ಅದನ್ನೇ ಐದು ನಿಮಿಷದ ಅಂತರದಲ್ಲಿ ನಾಲ್ಕು ಸಲ ಮಾಡಿ. ನಾಲ್ಕನೆಯದು ಮೊದಲನೆಯದಕ್ಕೆ ಹತ್ತಿರವಿದ್ದರೆ ನಿಮ್ಮ ಆಯ್ಕೆ ಸರಿ. ಡೈನೋದವನು ಕೊಡುವ ಹಾಳೆಯಲ್ಲಿ ಗೆರೆಯ ತುದಿ ಎಷ್ಟು ಎತ್ತರ ಎಂದು ನೋಡುವ ಮೊದಲು 2,500 ಎಂದಿರುವ ಜಾಗದಲ್ಲಿ ಸ್ಕೇಲ್ ಇಟ್ಟು ಓದಿ.

ಎಂ45 ತೆಗೆದು ಎಂ62 ಹಾಕಿ, 1.4ರ ಅನುಪಾತದಲ್ಲಿ ಒಂದು ಸಣ್ಣ ಇಂಟರ್‌ಕೂಲರ್ ಜೊತೆ ನಾನೀಗ ಓಡಿಸುತ್ತಿದ್ದೇನೆ. ಮೊದಲಿಗಿಂತ ಬೂಸ್ಟ್ ಎರಡು ಪಿಎಸ್‌ಐ ಕಮ್ಮಿ. ಮೊನ್ನೆ ಮಂಡ್ಯದ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಅವರು ಸ್ಪೀಡೋಮೀಟರ್ ನೋಡಲಿಲ್ಲ, ನಿಲ್ಲಿಸಿದ ಮೇಲೆ ಬಾನೆಟ್ ಎತ್ತಿಸಿ ಬೆಲ್ಟಿನ ಕೆಳಗೆ ಬೆರಳು ಆಡಿಸಿದರು. ಕರೀ ಪುಡಿ ಅಂಟಲಿಲ್ಲ. "ಜಾರ್ತಾ ಇಲ್ಲ, ಸರಿ ಐತೆ," ಎಂದು ಬೆರಳನ್ನು ನನ್ನ ಅಂಗಿಗೇ ಒರೆಸಿದರು.